ಬೇಟೆಯ ಬಂದೂಕು: ದೊಡ್ಡ ಮಳಿಗೆಯೋ, ಊರಿನ ಅಂಗಡಿಯೋ, ಆನ್‌ಲೈನೋ?

ಅಮೆರಿಕದಲ್ಲಿ ಮೊದಲ ಬಂದೂಕನ್ನು ಎಲ್ಲಿ ಕೊಳ್ಳಬೇಕೆಂದು ಕೇಳಿದ್ದೀರಿ. ಪರವಾನಗಿ ಪಡೆದ ವ್ಯಾಪಾರಿ ಯಾರೇ ಆಗಿರಲಿ, ಕೊಳ್ಳುವವರ ವಿವರ, ಹಿನ್ನೆಲೆ ಕೇಳುವ 4473 ಸಂಖ್ಯೆಯ ಸರ್ಕಾರಿ ಫಾರಂ ತುಂಬುವುದು ತಪ್ಪುವುದಿಲ್ಲ, ವ್ಯತ್ಯಾಸವಿರುವುದು ಬೇರೆಡೆ.

ದೊಡ್ಡ ಮಳಿಗೆಗಳಲ್ಲಿ ಆಯ್ಕೆ ಕುಗ್ಗುತ್ತಲೇ ಬಂದಿದೆ. ವಾಲ್‌ಮಾರ್ಟ್ 1993ರಲ್ಲಿ ಅಲಾಸ್ಕದ ಹೊರತು ಉಳಿದೆಡೆ ಪಿಸ್ತೂಲು ಮಾರಾಟ ನಿಲ್ಲಿಸಿತು, 2015ರಲ್ಲಿ ಸೇನಾ ಬಂದೂಕನ್ನು ಹೋಲುವ ಎಆರ್-15 ಮಾದರಿಯ ರೈಫಲ್‌ಗಳನ್ನು ಕೈಬಿಟ್ಟಿತು, ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ನಂತರ 2018ರಲ್ಲಿ ಕೊಳ್ಳುವವರ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿತು. ಟೆಕ್ಸಾಸ್‌ನ ಎಲ್ ಪಾಸೋದ ತನ್ನದೇ ಮಳಿಗೆಯಲ್ಲಿ ದಾಳಿ ನಡೆದ 2019ರಲ್ಲಿ ಪಿಸ್ತೂಲಿನ ಗುಂಡುಗಳ ಮಾರಾಟವನ್ನೂ ಕೊನೆಗೊಳಿಸುವುದಾಗಿ ಘೋಷಿಸಿ, ಬಂದೂಕನ್ನು ಎದ್ದು ಕಾಣುವಂತೆ ಧರಿಸಿ ಬರಬೇಡಿರೆಂದು ಗ್ರಾಹಕರನ್ನು ಕೋರಿತು. ಜಿಂಕೆ ಬೇಟೆಗೆ ಸಾಧಾರಣ ರೈಫಲ್ ಸಾಕೆನ್ನುವವರಿಗೆ ಇದರಿಂದ ನಷ್ಟವೇನೂ ಇಲ್ಲ.

ಆನ್‌ಲೈನ್ ಬೆಲೆ ಅಗ್ಗವೆನಿಸಬಹುದು. ಆದರೆ ಬಂದೂಕು ಮನೆಗೆ ಬಾರದೆ ಪರವಾನಗಿದಾರನ ಅಂಗಡಿಗೆ ಬರುವುದರಿಂದ ಅವನ ಶುಲ್ಕವನ್ನೂ ಲೆಕ್ಕ ಹಾಕಬೇಕು. ಯಾವ ಮಾದರಿ ಬೇಕೆಂದು ಖಚಿತವಾಗಿ ಬಲ್ಲವರಿಗೆ ಈ ದಾರಿ ಹೊಂದುತ್ತದೆ.

ಹೊಸಬರಿಗೆ ಊರಿನ ಅಂಗಡಿಯೇ ಅನುಕೂಲವೆಂದು ನನಗನ್ನಿಸುತ್ತದೆ: ಬಂದೂಕಿನ ಹಿಂತುದಿ ಭುಜಕ್ಕೆ ಸರಿಯಾಗಿ ಕೂರುವುದೇ ಎಂದು ಎತ್ತಿ ನೋಡಬಹುದು, ಮುಂದೆ ದುರಸ್ತಿಗೂ ಅಲ್ಲಿಗೇ ಹೋಗಬಹುದು. ಬಂದೂಕು ಇಟ್ಟವರನ್ನು ನೆರೆಯವರು ಅನುಮಾನದಿಂದ ನೋಡುವ ನಗರಗಳಲ್ಲಿ, ದೊಡ್ಡ ಮಳಿಗೆಯಲ್ಲಿ ತರಕಾರಿ ಕೊಳ್ಳುವವರ ನಡುವೆ ನಿಂತು ಫಾರಂ ತುಂಬುವ ಮುಜುಗರವೂ ಅಲ್ಲಿಲ್ಲ. ಬೇಟೆ ಮನೆಮಾತಾಗಿರುವ ಹಳ್ಳಿಗಾಡಿನಲ್ಲಿ ಈ ಅಂಶವನ್ನು ಗಣಿಸಬೇಕಿಲ್ಲ.