ಮಲೆನಾಡಿನ ಮಳೆಯಲ್ಲಿ ಕ್ಯಾಂಪರ್ ವ್ಯಾನಿನ ರಿವರ್ಸ್ ಕ್ಯಾಮೆರಾ: ದುಬಾರಿ ಸ್ಪ್ರೇ ಸೋತಿತು, ವಾಷರ್ ಕಿಟ್ ಗೆದ್ದಿತು

ಕ್ಯಾಮೆರಾ ಎಷ್ಟು ಪಿಕ್ಸೆಲ್ಲಿನದು, ಸ್ಕ್ರೀನ್ ಎಷ್ಟಿಂಚಿನದು ಎಂಬುದೆಲ್ಲ ಡಬ್ಬದ ಮೇಲೇ ಇರುತ್ತದೆ, ನೀವೂ ನೋಡಿರುತ್ತೀರಿ. ಡಬ್ಬದ ಮೇಲೆ ಬರೆಯದ ಒಂದು ಸಂಗತಿ ಇದೆ. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿ ಬಿಟ್ಟು ಹೊಸನಗರ ಮುಟ್ಟುವಷ್ಟರಲ್ಲಿ ಲೆನ್ಸಿಗೆ ಕೆಂಪು ರಾಡಿ ಮೆತ್ತಿಕೊಂಡು, ರಿವರ್ಸ್ ಗೇರ್ ಹಾಕಿದರೆ ಸ್ಕ್ರೀನಿನ ತುಂಬ ಕಂದು ಬಣ್ಣ. ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಲೆನ್ಸಿನ ಮುಂದಿನ ಕಾಸಗಲದ ಗಾಜು ಶುಚಿಯಾಗಿರದಿದ್ದರೆ ಕೊಟ್ಟ ದುಡ್ಡು ದಂಡ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಆ ಗಾಜಿನ ಬಗ್ಗೆಯೇ.

ನಮ್ಮದು ಫೋರ್ಸ್ ಟ್ರಾವೆಲರ್ ವ್ಯಾನ್, ಒಳಗೇ ಮಲಗಿ ಊರೂರು ಸುತ್ತಲು ಕ್ಯಾಂಪರ್ ಮಾಡಿಸಿದ್ದು. ಹಿಂಬದಿಗೆ ಅಡ್ಡಲಾಗಿ ಹಾಸಿಗೆ, ಅದರ ಮೇಲೆ ಸೂರಿನವರೆಗೂ ಕಪಾಟು. ಒಳಗನ್ನಡಿಯಲ್ಲಿ ಕಾಣುವುದು ಕಪಾಟಿನ ಬಾಗಿಲು ಮಾತ್ರ. ಬೇಸಿಗೆಯಲ್ಲಾದರೆ ನನ್ನ ಹೆಂಡತಿ ಕೆಳಗಿಳಿದು, ಹಿಂದಿನಿಂದ ಬಾಡಿ ತಟ್ಟುತ್ತಾ "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಹೋಲ್ಡಾನ್" ಎಂದು ಹೇಳುತ್ತಾಳೆ. ಪುಷ್ಯ ಮಳೆ ಹುಯ್ಯುವಾಗ ತಗಡಿನ ಮೇಲಿನ ಸದ್ದಿಗೆ ಆ ಕೂಗು ಒಳಗೆ ಕೇಳಿಸುವುದಿಲ್ಲ. ಪಕ್ಕದ ಕನ್ನಡಿಗಳಲ್ಲಿ ನೀರಿನ ಗೆರೆಗಳು. ಎದುರಿನಿಂದ ಬಸ್ಸು ಬಂತೆಂದರೆ ಕಿರಿದಾದ ರಸ್ತೆಯಲ್ಲಿ ನಾವೇ ಹಿಂದೆ ಸರಿದು ಜಾಗ ಕೊಡಬೇಕು, ಅದೂ ಬದಿಯ ಚರಂಡಿ ತುಂಬಿ ರಸ್ತೆ ಯಾವುದು ಕಾಲುವೆ ಯಾವುದು ಗೊತ್ತಾಗದ ಹೊತ್ತಿನಲ್ಲಿ. ಹೋಮ್‌ಸ್ಟೇ ಅಂಗಳಗಳಲ್ಲಿ ವ್ಯಾನ್ ನೋಡಲು ಮಕ್ಕಳು ಓಡಿ ಬರುತ್ತವೆ, ನಾಯಿ ಚಕ್ರದ ಬುಡದಲ್ಲೇ ಮಲಗಿರುತ್ತದೆ. ಇಂಥ ಗಾಡಿಗೆ ಹಿಂದೆ ಇರುವುದು ಆ ಒಂದೇ ಕಣ್ಣು.

ಇಷ್ಟು ರಾಡಿ ಹಿಂದಕ್ಕೇ ಯಾಕೆ ಬಡಿಯುತ್ತದೆ ಎಂದರೆ ಗಾಡಿಯ ಆಕಾರದಿಂದ. ಪೆಟ್ಟಿಗೆಯಂಥ ವಾಹನ ಮುಂದೆ ಹೋದಂತೆ ಅದರ ಚಪ್ಪಟೆ ಬೆನ್ನಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಹಿಂಚಕ್ರ ಎಬ್ಬಿಸಿದ ಕೆಸರಿನ ತುಂತುರನ್ನು ಆ ಸುಳಿ ಮೇಲೆಳೆದು ತಂದು ಬೆನ್ನಿಗೇ ಅಂಟಿಸುತ್ತದೆ. ಹ್ಯಾಚ್‌ಬ್ಯಾಕ್ ಕಾರುಗಳಿಗೆ ಹಿಂದೆಯೂ ವೈಪರ್ ಇರುವುದು, ಡಿಕ್ಕಿ ಚಾಚಿಕೊಂಡಿರುವ ಸೆಡಾನ್‌ಗಳಿಗೆ ಸಾಮಾನ್ಯವಾಗಿ ಇಲ್ಲದಿರುವುದು ಇದೇ ಕಾರಣಕ್ಕೆ. ಕ್ಯಾಮೆರಾವನ್ನು ನಂಬರ್ ಪ್ಲೇಟಿನ ಮಟ್ಟದಲ್ಲಿ ಕೂರಿಸಿದರೆ ದಪ್ಪ ರಾಡಿ, ಮೇಲೆ ಸೂರಿನ ಹತ್ತಿರ ಕೂರಿಸಿದರೆ ತೆಳು ರಾಡಿ. ರಾಡಿಯಂತೂ ತಪ್ಪಿದ್ದಲ್ಲ. ನಮ್ಮದು ಮೇಲಿದೆ. ಚಕ್ರಕ್ಕೆ ಉದ್ದನೆಯ ಮಡ್ ಫ್ಲಾಪ್ ಹಾಕಿಸಿದ ಮೇಲೆ ಇನ್ನೂ ಸ್ವಲ್ಪ ತಗ್ಗಿತು.

ಮೊದಲು ಸ್ಪ್ರೇ ವಿಷಯ ಹೇಳಿಬಿಡುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ. ನೀರು ನಿಲ್ಲಗೊಡದ ಲೇಪನ ಎಂದು ಪುಟ್ಟ ಬಾಟಲಿಗೆ ಎಂಟುನೂರು ರೂಪಾಯಿ ತೆಗೆದುಕೊಂಡರು. ಮುಂದಿನ ಗಾಜಿಗೆ ಅದು ಒಳ್ಳೆಯದೇ. ನೀರು ಗುಂಡಗೆ ಹನಿಗಟ್ಟುತ್ತದೆ, ವೇಗಕ್ಕೆ ಎದುರು ಗಾಳಿ ಬಡಿದು ಆ ಹನಿಗಳು ಮೇಲಕ್ಕೆ ಓಡಿಹೋಗುತ್ತವೆ. ಹಿಂಬದಿಯಲ್ಲಿ ಎದುರು ಗಾಳಿ ಎಲ್ಲಿಂದ ಬರಬೇಕು? ಹನಿಗಟ್ಟಿದ್ದು ಹನಿಯಾಗಿಯೇ ಕೂರುತ್ತದೆ. ಲೆನ್ಸ್ ಅಷ್ಟು ಚಿಕ್ಕದಿರುವಾಗ ಮೂರು ಹನಿ ಕೂತರೆ ಸಾಕು, ಚಿತ್ರದಲ್ಲಿ ಮೂರು ಬುಗುಟುಗಳು, ಅವುಗಳ ಹಿಂದೆ ಮಗು ನಿಂತಿದ್ದರೂ ತಿಳಿಯುವುದಿಲ್ಲ. ಕ್ಯಾಮೆರಾಗೂ ಸೂಕ್ತ ಎಂದು ಬಾಟಲಿಯ ಮೇಲೇ ಅಚ್ಚು ಹಾಕಿದ್ದಾರೆ. ಮುಂದಿನ ಕ್ಯಾಮೆರಾಗೆ ಇರಬಹುದು. ಹಿಂದಿನದಕ್ಕೆ ಇದನ್ನು ದಯವಿಟ್ಟು ಕೊಳ್ಳಬೇಡಿ.

ಸಾಗರದ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದ್ದಾಗ ಇದನ್ನೇ ಗೊಣಗುತ್ತಿದ್ದೆ. ಘಟ್ಟದ ರೂಟಿನಲ್ಲಿ ಬಸ್ ಓಡಿಸಿ ನಿವೃತ್ತರಾದ ಒಬ್ಬರು ಕೇಳಿಸಿಕೊಂಡರು. "ಆಲೂಗಡ್ಡೆ ಕೊಯ್ದು ಉಜ್ಜಿ ನೋಡಿ ಸಾರ್, ಹನಿ ನಿಲ್ಲಲ್ಲ. ನಾವು ಬೀಡಿ ಬಿಚ್ಚಿ ಅದರ ಹೊಗೆಸೊಪ್ಪು ಉಜ್ತಿದ್ವಿ" ಎಂದರು. ವೈಪರ್ ಕೈಕೊಟ್ಟಾಗ ಬಸ್ಸು, ಲಾರಿಯವರು ಮಾಡುತ್ತಿದ್ದ ಉಪಾಯ ಇದು. ಆ ಸ್ಪ್ರೇ ಮಾಡುವ ಕೆಲಸಕ್ಕೆ ಇದು ತದ್ವಿರುದ್ಧ. ಗಾಜಿನ ಮೇಲೆ ನೀರು ಹನಿಗಟ್ಟದೆ ತೆಳ್ಳಗೆ ಹರಡಿ ಜಾರುತ್ತದೆ, ಹರಡಿದ ನೀರಿನ ಮೂಲಕ ಆಚೆಗಿನದು ಕಾಣುತ್ತದೆ. ಹೊಗೆಸೊಪ್ಪಿನಲ್ಲಿ ಮರಳು ಇರಬಹುದೆಂದು ಆಲೂಗಡ್ಡೆಯನ್ನೇ ಉಜ್ಜಿದೆ. ಚಿತ್ರ ಒಂಚೂರು ಮಂಕು, ಆದರೆ ಬುಗುಟು ಇಲ್ಲ. ಜೋರು ಮಳೆಯಲ್ಲಿ ಅರ್ಧ ಗಂಟೆ ತಡೆಯುತ್ತದೆ, ಜಿಟಿಜಿಟಿ ಮಳೆಗೆ ಇನ್ನೂ ಸ್ವಲ್ಪ ಹೆಚ್ಚು. ರಾಡಿಗೆ ಮಾತ್ರ ಇದರಿಂದ ಏನೂ ಆಗದು.

ರಾಡಿಗೆ ನೀರೇ ಬೇಕು. ವಾಷರ್ ಕಿಟ್ ಹಾಕಿಸಿದ್ದು ಅದಕ್ಕೆ, ಇಡೀ ಗಾಡಿಯಲ್ಲಿ ನನಗೆ ಈಗ ಅತಿ ಹೆಚ್ಚು ಸಂತೋಷ ಕೊಡುವ ಸಾಮಾನು ಅದೇ. ಹೊಸ ವಿದ್ಯೆಯೇನಲ್ಲ, ಅಮೆರಿಕದ 2013ರ ನಿಸಾನ್ ಆಲ್ಟಿಮಾದಲ್ಲೇ ಹಿಂದಿನ ಕ್ಯಾಮೆರಾಗೆ ನೀರು ಚಿಮ್ಮಿಸಿ ಗಾಳಿ ಊದುವ ವ್ಯವಸ್ಥೆ ಬಂದಿತ್ತು. ನಮ್ಮದು ಅಷ್ಟು ದೊಡ್ಡದಲ್ಲ. ಒಂದು 12 ವೋಲ್ಟಿನ ವಾಷರ್ ಮೋಟರ್, ಎರಡು ಲೀಟರಿನ ಬಾಟಲಿ, ಪೈಪು, ಕ್ಯಾಮೆರಾದ ತಲೆಯ ಮೇಲೆ ನೀರು ಚಿಮ್ಮುವ ಒಂದು ನಾಝಲ್, ಡ್ಯಾಶ್‌ಬೋರ್ಡಿನಲ್ಲಿ ಒತ್ತಿ ಬಿಡುವ ಬಟನ್. ಎಲೆಕ್ಟ್ರಿಷಿಯನ್ ಮುಂದಿನ ವೈಪರ್ ಬಾಟಲಿಯಿಂದಲೇ ಹಿಂದಕ್ಕೆ ಪೈಪು ಎಳೆಯೋಣ ಎಂದರು. ಬೇಡ ಎಂದೆ. ಅಷ್ಟುದ್ದ ಪೈಪಿನಲ್ಲಿ ನೀರು ವಾಪಸ್ ಇಳಿದುಹೋಗುತ್ತದೆ, ಬಟನ್ ಒತ್ತಿದ ಮೇಲೆ ತುಂಬಿಕೊಂಡು ಹಿಂದೆ ತಲುಪುವವರೆಗೆ ಕಾಯಬೇಕು. ಬಾಟಲಿ, ಮೋಟರ್ ಎರಡನ್ನೂ ಹಿಂದಿನ ಕಪಾಟಿನೊಳಗೇ ಕೂರಿಸಿ, ನಾಝಲ್ ಬುಡಕ್ಕೆ ನೀರು ವಾಪಸ್ ಇಳಿಯಗೊಡದ ನಾನ್-ರಿಟರ್ನ್ ವಾಲ್ವ್ ಹಾಕಿಸಿದೆವು. ಒತ್ತಿದ ಕ್ಷಣಕ್ಕೆ ಚಿಮ್ಮುತ್ತದೆ. ಒಂದೇ ಸಲ ಉದ್ದಕ್ಕೆ ಬಿಡುವುದಕ್ಕಿಂತ ಗಿಡ್ಡ ಗಿಡ್ಡವಾಗಿ ಎರಡು ಸಲ ಒತ್ತುವುದು ಮೇಲು. ಮೊದಲನೆಯದಕ್ಕೆ ರಾಡಿ ನೆನೆಯುತ್ತದೆ, ಒಂದು ಉಸಿರಿನಷ್ಟು ಬಿಟ್ಟು ಎರಡನೆಯದಕ್ಕೆ ಪೂರ್ತಿ ಇಳಿಯುತ್ತದೆ. ಕಂದು ಸ್ಕ್ರೀನಿನಲ್ಲಿ ಮೇಲಿನಿಂದ ಕೆಳಕ್ಕೆ ಅಂಗಳ, ತುಳಸಿಕಟ್ಟೆ, ನಾಯಿ ಒಂದೊಂದಾಗಿ ಕಾಣಿಸಿಕೊಳ್ಳುವುದನ್ನು ನೋಡಲು ಇಷ್ಟ.

ಕಿಟ್ ಹಾಕಿದ ಮೇಲೂ ಒಂದು ತೊಂದರೆ ಉಳಿದಿತ್ತು. ಘಟ್ಟ ಹತ್ತುವಾಗ ಗಾಡಿಯ ಸೂರಿನ ಮೇಲೆ ನಿಂತ ನೀರೆಲ್ಲ ಹಿಂದಕ್ಕೆ ಹರಿದು, ಎಲೆ ಕಸದ ಸಮೇತ ನೇರ ಕ್ಯಾಮೆರಾದ ನೆತ್ತಿಗೆ ಸುರಿಯುತ್ತಿತ್ತು. ಹುಲಿಕಲ್ ಘಾಟಿ ಹತ್ತಿ ಬಂದರೆ ಸ್ಕ್ರೀನಿನಲ್ಲಿ ಜಲಪಾತ. ಮಲೆನಾಡಿನ ಮನೆಗಳಲ್ಲಿ ಸೂರಿನ ಅಂಚಿಗೆ ಅಡಿಕೆ ದಬ್ಬೆ ಕಟ್ಟಿ, ಮೆಟ್ಟಿಲ ಮೇಲೆ ಬೀಳುವ ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರಲ್ಲ, ಹಾಗೆಯೇ ಕ್ಯಾಮೆರಾದಿಂದ ನಾಲ್ಕು ಬೆರಳು ಮೇಲೆ ಬಾಗಿಲಿನ ರಬ್ಬರ್ ಬೀಡಿಂಗಿನ ಒಂದಡಿ ತುಂಡನ್ನು ನಡು ಮೇಲಾಗಿ, ಎರಡೂ ತುದಿ ಇಳಿಜಾರಾಗಿ ಅಂಟಿಸಿದೆವು. ನೀರು ಎರಡು ಪಕ್ಕಕ್ಕೆ ಸೀಳಿ ಇಳಿಯುತ್ತದೆ. ಬೀಡಿಂಗಿಗೆ ಮೂವತ್ತು ರೂಪಾಯಿ, ಅಂಟಿಗೆ ಇನ್ನಷ್ಟು. ಎಂಟುನೂರರ ಬಾಟಲಿ ಮಾಡದಿದ್ದುದನ್ನು ಇದು ಮಾಡಿತು. ಬಿಸಿಲಿರುವ ದಿನ ಬಣ್ಣವನ್ನು ಚೆನ್ನಾಗಿ ಒರೆಸಿ ಒಣಗಿಸಿ ಅಂಟಿಸಿ, ಒದ್ದೆ ಮೈಗೆ ಅಂಟು ಹಿಡಿಯುವುದಿಲ್ಲ.

ಬೆಳಗಿನ ಕೆಲಸಕ್ಕೆ ಒಂದು ಕ್ರಮವಿದೆ. ಒಲೆಯ ಮೇಲೆ ಕಾಫಿಗೆ ನೀರಿಟ್ಟು ನಾನು ಹಿಂದಕ್ಕೆ ಹೋಗುತ್ತೇನೆ. ಬೈಕಿಗೆ ಶಾಂಪೂ ಹೊಡೆಯುವ ಕೈ ಸ್ಪ್ರೇಯರ್‌ನಿಂದ ಮೊದಲು ಗಾಜಿಗೆ ಧಾರಾಳವಾಗಿ ನೀರು. ಒಣಗಿದ ಕೆಂಪುಮಣ್ಣಿನ ಮೇಲೆ ಎಂದಿಗೂ ಬಟ್ಟೆ ಎಳೆಯಬಾರದು, ಅದರಲ್ಲಿರುವ ಮರಳಿನ ಕಣ ಗಾಜಿಗೆ ಗೀರು ಹಾಕುತ್ತದೆ, ಗೀರು ಬಿದ್ದ ಲೆನ್ಸಿನಲ್ಲಿ ರಾತ್ರಿ ಹಿಂದಿನ ಗಾಡಿಯ ಬೆಳಕೆಲ್ಲ ಒಡೆದು ಹರಡುತ್ತದೆ. ಮಣ್ಣು ಇಳಿದ ಮೇಲೆ ಕನ್ನಡಕ ಒರೆಸುವ ಬಟ್ಟೆಯಿಂದ ಒತ್ತಿ ತೆಗೆಯುತ್ತೇನೆ, ತಿಕ್ಕುವುದಿಲ್ಲ. ಹತ್ತಿಯ ಕಡ್ಡಿಯಿಂದ ಗಾಜಿನ ಸುತ್ತಲಿನ ಸಂದಿಯನ್ನು ಒರೆಸುತ್ತೇನೆ. ಆ ಸಂದಿಯಲ್ಲಿ ಉಳಿದ ಮಣ್ಣೇ ಮುಂದಿನ ಹನಿಯ ಜೊತೆ ಮತ್ತೆ ಗಾಜಿಗೆ ಹರಿಯುವುದು. ಬಾಟಲಿಗೆ ಮಾತ್ರ ಮಳೆನೀರನ್ನೇ ತುಂಬುತ್ತೇನೆ, ಚಪ್ಪರದ ಬಟ್ಟೆಯಿಂದ ಇಳಿದದ್ದನ್ನು ಪಂಚೆಯಲ್ಲಿ ಸೋಸಿ. ಬಯಲುಸೀಮೆಯ ಬೋರ್‌ವೆಲ್ ನೀರು ಹಾಕಿದರೆ ಸುಣ್ಣದ ಬಿಳಿ ಕಲೆ ಕೂರುತ್ತದೆ, ನಾಝಲಿನ ಕಣ್ಣೂ ಕಟ್ಟುತ್ತದೆ. ಚಿತ್ರದುರ್ಗದ ಕಡೆ ಹೋದಾಗ ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಟ್ಟುಕೊಳ್ಳುತ್ತೇನೆ. ಅದು ಗಾಳಿಯ ತೇವ ನೀರಾದದ್ದು, ಉಪ್ಪು ಸುಣ್ಣ ಇರುವುದಿಲ್ಲ.

ಇನ್ನು ಕ್ಯಾಮೆರಾದ ಬಗ್ಗೆಯೇ ಒಂದು ದೂರು ಇದೆ. ಐಪಿ67 ಎಂದು ಬರೆದಿದ್ದಾರೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗದು ಎಂಬುದು ಅದರ ಅರ್ಥ. ಗಾಜಿನ ಹೊರಮೈ ಶುಚಿಯಾಗಿರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ನಮ್ಮದರಲ್ಲಿ ಆಶ್ಲೇಷ ಮಳೆಯ ಹೊತ್ತಿಗೆ ಒಳಗೇ ಆವಿ ಕಟ್ಟಿತು. ಬಿಸಿಲಿಗೆ ಕಾದ ಡಬ್ಬಿಗೆ ಒಮ್ಮೆಲೇ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಸ್ವಲ್ಪ ಸಡಿಲವಿದ್ದರೂ ಹೊರಗಿನ ತೇವವನ್ನು ಎಳೆದುಕೊಳ್ಳುತ್ತದೆ. ಹಾಕಿಕೊಟ್ಟ ಅಂಗಡಿಯವರು ಮಳೆಗಾಲ ಅಂದ ಮೇಲೆ ಇಷ್ಟೆಲ್ಲ ಆಗುತ್ತೆ ಎಂದರು. ಮಳೆಗಾಲಕ್ಕೆಂದೇ ಕೊಂಡವನಿಗೆ ಹೇಳುವ ಮಾತಲ್ಲ ಅದು. ಬಿಲ್ ತೋರಿಸಿ ಪಟ್ಟು ಹಿಡಿದ ಮೇಲೆ ಬದಲಿಸಿಕೊಟ್ಟರು, ಬದಲಿ ಕ್ಯಾಮೆರಾ ಚೆನ್ನಾಗಿದೆ. ನೀವು ಬಿಲ್ಲಿನಲ್ಲಿ ವಾರಂಟಿ ತಿಂಗಳುಗಳನ್ನು ಕೈಬರಹದಲ್ಲಾದರೂ ಬರೆಸಿಕೊಳ್ಳಿ.

ರಾತ್ರಿಗೆ ಇನ್ನೊಂದು ಕಾಟ, ಜೇಡ. ಕತ್ತಲಲ್ಲೂ ಚಿತ್ರ ಕಾಣಲೆಂದು ಲೆನ್ಸಿನ ಸುತ್ತ ಇರುವ ಇನ್‌ಫ್ರಾರೆಡ್ ದೀಪಗಳ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬಂದು ಬಲೆ ಹೆಣೆಯುತ್ತದೆ. ಬಲೆಯ ಎಳೆಯಲ್ಲಿ ನೀರಹನಿ ಸಾಲಾಗಿ ನಿಂತರೆ ಆ ದೀಪಕ್ಕೆ ಇಡೀ ಚಿತ್ರ ಬೆಳ್ಳಗಾಗುತ್ತದೆ. ವಾಷರ್ ನೀರಿಗೆ ಬಲೆ ಹರಿಯುವುದಿಲ್ಲ. ಕೆಳಗಿಳಿದು ಕಡ್ಡಿಯಿಂದ ಬಿಡಿಸಬೇಕು.

ಮೋಟರ್, ಬಾಟಲಿ, ಪೈಪು, ಕೂಲಿ ಎಲ್ಲ ಸೇರಿ ನನಗೆ ಎರಡು ಸಾವಿರದೊಳಗೆ ಮುಗಿಯಿತು. ರಿವರ್ಸ್ ಹಾಕಿದಾಗ ಮಾತ್ರ ಮುಚ್ಚಳ ತೆರೆಯುವ ಕ್ಯಾಮೆರಾಗಳೂ ಮೋಟರ್‌ಹೋಮ್‌ಗಳಿಗೆಂದೇ ಸಿಗುತ್ತವೆ, ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನಲ್ಲಿ ಲಾಂಛನದ ಹಿಂದೆ ಅಡಗಿರುವ ಕ್ಯಾಮೆರಾದ ಜಾತಿಯವು. ಟಾರು ರಸ್ತೆಯಲ್ಲೇ ಓಡಾಡುವವರಿಗೆ ಅದು ಚೆನ್ನ. ತೋಟದ ದಾರಿಯ ಕೆಂಪುಮಣ್ಣು ಕೂತು ಗಟ್ಟಿಯಾದ ಮೇಲೆ ಆ ಪುಟ್ಟ ಮುಚ್ಚಳ ಸಲೀಸಾಗಿ ತೆರೆದುಕೊಳ್ಳುತ್ತದೆಂದು ನನಗೆ ನಂಬಿಕೆಯಿಲ್ಲ, ನನ್ನ ಬಜೆಟ್ಟಿಗೂ ಅದು ಹೊಂದುವುದಿಲ್ಲ. ನೀವು ವಾಷರ್ ಹಾಕಿಸುವುದಾದರೆ ಮೃಗಶಿರಾ ಮಳೆಗೆ ಮೊದಲೇ ಹಾಕಿಸಿ. ಮೋಟರಿಗೆ ಬೇರೆಯದೇ ಫ್ಯೂಸ್ ಇರಲಿ. ಬಾಟಲಿಯ ಮುಚ್ಚಳ ಹಾಸಿಗೆ ಎತ್ತದೆಯೇ ಕೈಗೆ ಸಿಗುವಂತೆ ಕೂರಿಸಲು ಹೇಳಿ, ಜಡಿಮಳೆಯ ದಿನಗಳಲ್ಲಿ ಅದನ್ನು ದಿನಾ ತುಂಬಬೇಕಾಗುತ್ತದೆ.