‘ಒಣಗಿದ ಸಾಗವಾನಿ’ ಎಂದು ಕೊಟ್ಟ ಹಲಗೆಗಳು: ಹವ್ಯಾಸಕ್ಕಾಗಿ ಮರ ಕೊಳ್ಳುವವರ ಗಮನಕ್ಕೆ

ನಿವೃತ್ತಿಯ ಬಳಿಕ ಮರಗೆಲಸ ಕಲಿಯಲು ಹೊರಟವರಿಗೆ ಬೆರಳು ಜೋಪಾನ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ; ಮರ ಕೊಳ್ಳುವಾಗ ಜೋಪಾನ ಎನ್ನುವವರು ಕಡಿಮೆ. ಶಾಲೆಯ ಕೆಲಸ ಮುಗಿಸಿ ಶಿರಸಿಯಲ್ಲಿ ನೆಲೆಸಿ, ಹಿತ್ತಲಿನ ಖಾಲಿ ಕೊಟ್ಟಿಗೆಯಲ್ಲಿ ಉಳಿ, ಕೀಸುಳಿ ಹಿಡಿದು ಕುಳಿತ ನನಗೆ ಆದ ಅನುಭವವನ್ನು, ಇದೇ ಹಾದಿಯಲ್ಲಿರುವವರ ಉಪಯೋಗಕ್ಕೆಂದು ಬರೆಯುತ್ತಿದ್ದೇನೆ.

ಪೇಟೆಯ ಹೊರಗೆ ಮರದ ವ್ಯಾಪಾರ ಮಾಡುವವರೊಬ್ಬರು, ಹಳೆಯ ಮನೆ ಕೆಡವಿದಾಗ ಸಿಕ್ಕ ಸಾಗವಾನಿ, ವರ್ಷಗಟ್ಟಲೆ ಒಣಗಿದ್ದು ಎಂದು ಹೇಳಿ ಒಂದೂವರೆ ಅಂಗುಲ ದಪ್ಪದ ಹಲಗೆಗಳನ್ನು ಒಪ್ಪಿಸಿದರು. ಘನ ಅಡಿಯ ದರ ಮಿಲ್ಲಿನ ದರಕ್ಕಿಂತ ತುಸು ಕಡಿಮೆಯಿತ್ತು, ಹಣವನ್ನು ಪೂರ್ತಿಯಾಗಿ ಮೊದಲೇ ಪಡೆದರು. ಬಿಲ್ ಕೇಳಿದ್ದಕ್ಕೆ, “ಲೋಡ್ ಸಂಗಡ ಕಳಿಸ್ತೇನೆ ಮಾಸ್ತರ್ರೇ, ನಿಮ್ಮಂಥ ಹಿರಿಯರಿಗೆ ಸುಳ್ಳು ಹೇಳ್ಲಿಕ್ಕಾಗ್ತದೋ?” ಎಂದರು. ಲೋಡ್ ಬಂತು, ಬಿಲ್ ಬರಲಿಲ್ಲ.

ಆ ಹಲಗೆಗಳಲ್ಲಿ ಪುಸ್ತಕದ ಕಪಾಟೊಂದನ್ನು ಯುಗಾದಿಯ ಹೊತ್ತಿಗೆ ಮಾಡಿ ನಿಲ್ಲಿಸಿದೆ. ಮೇ ತಿಂಗಳ ಬಿಸಿಲಿಗೆ ಬಾಗಿಲಿನ ಸಂದುಗಳು ಬಾಯಿಬಿಟ್ಟವು. ಅಗಲದ ಹಲಗೆಗಳು ಚಾಪೆಯ ಮೇಲೆ ಒಣಹಾಕಿದ ಹಲಸಿನ ಹಪ್ಪಳದಂತೆ ಅಂಚು ಮೇಲೆತ್ತಿದವು. ಅಂಟು ಹಚ್ಚಿ ಬಿಗಿದಿದ್ದ ಕ್ಲಾಂಪಿನ ಕಬ್ಬಿಣ ತಾಗಿದ್ದಲ್ಲೆಲ್ಲ ನೀಲಿಗಪ್ಪು ಕಲೆ ಮೂಡಿತ್ತು. ಮರದ ಒಗರು ಹಸಿತನದೊಂದಿಗೆ ಸೇರಿ ಕಬ್ಬಿಣಕ್ಕೆ ತಾಗಿದಾಗ ಆಗುವ ಕಲೆ ಅದು, ಚೆನ್ನಾಗಿ ಒಣಗಿದ ಹಲಗೆಯಲ್ಲಿ ಹಾಗೆ ಸುಲಭವಾಗಿ ಮೂಡುವುದಿಲ್ಲ. ಮಳೆ ಹಿಡಿದ ಮೇಲೆ ಕೆಳಗಿನ ಅಂಕಣದ ಪುಸ್ತಕಗಳ ಮೇಲೆ ಸಣ್ಣ ಹಿಟ್ಟಿನಂಥ ಪುಡಿ ಬೀಳತೊಡಗಿತು, ಅಂದರೆ ಕುಟ್ಟೆ ಹಿಡಿದಿತ್ತು. ಪರಿಚಯದ ಆಚಾರಿಯೊಬ್ಬರು ಬಂದು, ಹಲಗೆಯ ಮೇಲೆ ಬಳಿದಿದ್ದ ಕಂದು ಬಣ್ಣವನ್ನು ಕೀಸಿ ತೋರಿಸಿದರು. ಕೆಲವು ಸಾಗವಾನಿಯೇ ಹೌದು, ಆದರೆ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ ಕಡಿಮೆ, ಹೊರಗಿನ ಬಿಳಿ ಭಾಗವೇ ಹೆಚ್ಚು. ಹುಳ ಮೊದಲು ಹೊಕ್ಕುವುದು ಅಲ್ಲಿಗೇ. ಉಳಿದದ್ದು ಅಕೇಶಿಯಾ, ಅದೂ ಕಡಿದು ಹೆಚ್ಚು ಕಾಲವಾಗದ್ದು. ಅಕೇಶಿಯಾ ಕೆಟ್ಟ ಮರವೆಂದು ನಾನು ಹೇಳುತ್ತಿಲ್ಲ, ಸರಿಯಾಗಿ ಒಣಗಿಸಿದರೆ ಒಳ್ಳೆಯ ಪೀಠೋಪಕರಣವಾಗುತ್ತದೆ. ಅದನ್ನು ಸಾಗವಾನಿಯ ದರಕ್ಕೆ ಮಾರಿದ್ದಕ್ಕೆ ನನ್ನ ಆಕ್ಷೇಪ.

ಹಸಿಮರದ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ತೇವ ಶೇಕಡಾ 30ರ ಆಸುಪಾಸಿಗೆ ಇಳಿಯುವವರೆಗೆ ಮರ ಕುಗ್ಗುವುದೇ ಇಲ್ಲ, ಹಾಗಾಗಿ ತಂದ ಹೊಸತರಲ್ಲಿ ಹಲಗೆ ನೆಟ್ಟಗೆ, ಸಪಾಟಾಗಿ ಕಾಣುತ್ತದೆ. ಅಲ್ಲಿಂದ ಕೆಳಗೆ ಒಣಗುವಾಗ ಉದ್ದದಲ್ಲಿ ವ್ಯತ್ಯಾಸ ತೀರ ಕಡಿಮೆ, ಅಡ್ಡಗಲದಲ್ಲಿ ಹೆಚ್ಚು. ಅದರಲ್ಲೂ ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ಉಂಗುರಗಳನ್ನು ಅಡ್ಡ ಹಾಯುವ ದಿಕ್ಕಿನದಕ್ಕಿಂತ ಸುಮಾರು ಇಮ್ಮಡಿ. ನನ್ನ ಹಲಗೆಗಳು ಡೊಂಕಾದದ್ದು ಇದೇ ಕಾರಣಕ್ಕೆ. ಗಾಳಿಗೆ ಒಣಗಿಸುವವರ ಸ್ಥೂಲ ಲೆಕ್ಕದಂತೆ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಬೇಕು, ಮತ್ತು ನಮ್ಮ ಮಳೆಗಾಲದ ತಿಂಗಳುಗಳನ್ನು ಆ ಲೆಕ್ಕಕ್ಕೆ ಹಿಡಿಯಬಾರದೆಂಬುದು ನನ್ನ ಅಭಿಪ್ರಾಯ.

ಮಾತಿನ ಮೇಲೆ ನಂಬಿಕೆ ಇಡುವ ಬದಲು ತೂಕ ಮಾಡಿ ನೋಡಬಹುದು. ಹಲಗೆಯ ತುದಿ ಬೇಗ ಒಣಗುವುದರಿಂದ ತುದಿಯಿಂದ ಒಂದಡಿ ಒಳಗೆ ಸಣ್ಣ ತುಂಡೊಂದನ್ನು ಕತ್ತರಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಓವನ್‌ನಲ್ಲಿ 100ರಿಂದ 105 ಡಿಗ್ರಿಯ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು. ಇಳಿದ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವದ ಪ್ರಮಾಣ ಸಿಗುತ್ತದೆ: 150 ಗ್ರಾಂ ಇದ್ದದ್ದು 110 ಗ್ರಾಮಿಗೆ ಇಳಿದರೆ ತೇವ ಶೇಕಡಾ 36. ಮನೆಯೊಳಗಿನ ಪೀಠೋಪಕರಣಕ್ಕೆ ಅದು 15ರ ಸುತ್ತಮುತ್ತ ಇರಬೇಕು. ತುಂಡು ಕತ್ತರಿಸಲು ಒಪ್ಪದ ವ್ಯಾಪಾರಿಯಿಂದ ಕೊಳ್ಳುವ ಅಗತ್ಯವಿಲ್ಲ. ಬಣ್ಣವನ್ನೋ ಎಣ್ಣೆಯನ್ನೋ ಬಳಿದ ಹಲಗೆಯನ್ನಂತೂ ಒಂದು ಕಡೆ ಕೀಸಿಸದೆ ಮುಟ್ಟಬೇಡಿ.

ಬಿಲ್ ಇಲ್ಲದಿರುವುದರ ಅಪಾಯ ಇದಕ್ಕಿಂತ ದೊಡ್ಡದು. ಸಾಗವಾನಿ, ಬೀಟೆಯಂಥ ಮರಗಳ ಸಾಗಣೆ ಕರ್ನಾಟಕ ಅರಣ್ಯ ಕಾಯ್ದೆ, 1963ರ ಅಡಿ ನಿಯಂತ್ರಣಕ್ಕೆ ಒಳಪಟ್ಟಿದ್ದು, ಅಕ್ರಮವೆಂದು ಕಂಡುಬಂದರೆ ಮರದೊಂದಿಗೆ ವಾಹನವನ್ನೂ ಜಪ್ತಿ ಮಾಡುವ ಅಧಿಕಾರ ಇಲಾಖೆಗಿದೆ. ‘ಹಳೆಯ ಮನೆಯ ಮರ’ ಎಂಬ ಮಾತು ಹಸಿ ಹಲಗೆಯ ಮೇಲೆ ನಿಲ್ಲುವುದಿಲ್ಲ. ದಾಂಡೇಲಿ, ಯಲ್ಲಾಪುರ ಕಡೆಯ ಸರ್ಕಾರಿ ಡಿಪೋಗಳ ಮರಕ್ಕೆ ದಾಖಲೆ ಇರುತ್ತದೆ, ಆದರೆ ಅಲ್ಲಿ ಹರಾಜಾಗುವ ದಿಮ್ಮಿಗಳ ಲಾಟು ಹವ್ಯಾಸಿಗಳಾದ ನಮಗೆ ದೊಡ್ಡದಾಯಿತು. ಅಲ್ಲಿ ಹರಾಜಿನಲ್ಲಿ ಕೊಂಡ ದಿಮ್ಮಿಗಳನ್ನು ಕೊಯ್ದು ಮಾರುವ, ಪರವಾನಗಿ ಇರುವ ಮಿಲ್ಲಿನಿಂದ ಹಲಗೆ ತರುವುದೇ ಸರಿ.

ವ್ಯಾಪಾರಿಗೆ ಹಲವು ಬಾರಿ ಫೋನ್ ಮಾಡಿದೆ. ಮೊದಲು ಮಳೆಗಾಲ ಕಳೆಯಲಿ ಎಂದರು, ಆಮೇಲೆ ಉತ್ತರಿಸುವುದನ್ನೇ ಬಿಟ್ಟರು. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದೆಂದು ಮಿತ್ರರು ಸೂಚಿಸಿದರು. ಆದರೆ ಏನು ಕೊಂಡೆ, ಯಾವ ದರಕ್ಕೆ ಕೊಂಡೆ ಎನ್ನುವುದಕ್ಕೆ ನನ್ನ ಬಳಿ ಕಾಗದವೇ ಇಲ್ಲ, ಹಣ ಕೊಟ್ಟದ್ದೂ ನಗದಿನಲ್ಲಿ. ಆದ್ದರಿಂದ ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಮತ್ತು ಮರದ ಜಾತಿ, ಅಳತೆ, ಘನ ಅಡಿ, ದರ, ‘ಒಣಗಿದ್ದು’ ಎಂಬ ಮಾತು, ಇವಿಷ್ಟೂ ಬಿಲ್ಲಿನಲ್ಲಿ ಬರೆದು ಸಹಿಯಾಗುವವರೆಗೆ ಗಾಡಿಗೆ ಹಲಗೆ ಏರಿಸಲು ಬಿಡಬೇಡಿ.