ಗೋಧಿಯಿಲ್ಲದ ಬಿಸ್ಕತ್ತಿಗೆಂದು ಕೊಂಡ ಓಟಿಜಿ: ಎರಡು ಮಳೆಗಾಲ ಕಳೆದ ಮೇಲೆ

ಮಗಳಿಗೆ ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಕರುಳಿಗೆ ಒಗ್ಗದ ಕಾಯಿಲೆ, ಇದೆಯೆಂದು ತಿಳಿದಾಗ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಊಟಕ್ಕೆ ಹೆಚ್ಚಿನ ತೊಂದರೆಯೇನೂ ಆಗಲಿಲ್ಲ. ಕಡುಬು, ಅಕ್ಕಿ ರೊಟ್ಟಿ, ಗಂಜಿಯಲ್ಲೇ ದಿನ ಕಳೆಯುವ ಮಲೆನಾಡಿನವರಿಗೆ ಗೋಧಿಯನ್ನು ಬಿಡುವುದು ದೊಡ್ಡ ಮಾತಲ್ಲ. ಅವಳು ನಿಜವಾಗಿ ಕಳೆದುಕೊಂಡದ್ದು ಸಂಜೆ ಕಾಫಿಯ ಜೊತೆ ತಿನ್ನುತ್ತಿದ್ದ ಬೇಕರಿಯ ಖಾರಾ ಬಿಸ್ಕತ್ತನ್ನು. ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದೆಂಬ ನಿಯಮದಂತೆ ತಯಾರಾದ ಕ್ರ್ಯಾಕರ್‌ಗಳನ್ನು ಶಿವಮೊಗ್ಗದಿಂದ ತರಿಸಿದೆವಾದರೂ, ಅಂಗೈಯಗಲದ ಪೊಟ್ಟಣದ ಬೆಲೆಗೆ ಎರಡು ದಿನದ ತರಕಾರಿ ಬರುತ್ತಿತ್ತು. ಹಾಗಾಗಿ ಸುಮಾರು 6,000 ರೂಪಾಯಿ ಕೊಟ್ಟು ಈ ಸಣ್ಣ ಓಟಿಜಿಯನ್ನು (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ಕರೆಂಟಿನ ಒಲೆ) ಕೊಂಡೆವು. ಎಷ್ಟು ಲೀಟರು, ಎಷ್ಟು ವ್ಯಾಟ್ ಎಂಬುದು ಅದರ ಪೆಟ್ಟಿಗೆಯ ಮೇಲೆಯೇ ಇದೆ.

ನನ್ನ ದೂರೆಲ್ಲ ಉಷ್ಣತೆಯ ನಾಬ್‌ನ ಮೇಲೆ. ಮೊದಲ ಏಳೆಂಟು ಸಲವೂ ಬಿಸ್ಕತ್ತಿನ ಅಂಚು ಕರಿದಾಗಿ, ನಡುಭಾಗ ಚರ್ಮದಂತೆ ಜಗ್ಗುತ್ತಿತ್ತು. ತಪ್ಪು ನನ್ನ ಹಿಟ್ಟಿನದೇ ಇರಬೇಕೆಂದುಕೊಂಡು ನೀರು ಕಡಿಮೆ ಮಾಡಿದೆ, ಬೆಣ್ಣೆ ಹೆಚ್ಚಿಸಿದೆ. ಹಾಳಾದದ್ದೆಲ್ಲ ಕೊಟ್ಟಿಗೆಯ ಕಲಗಚ್ಚಿಗೆ ಸೇರಿತು. ಕೊನೆಗೆ ಒಳಗೆ ತೂಗುಹಾಕುವ ಚಿಕ್ಕ ಥರ್ಮಾಮೀಟರ್ ತರಿಸಿ ನೋಡಿದರೆ, ನಾಬ್ 160 ಡಿಗ್ರಿ ಎನ್ನುವಾಗ ಒಳಗೆ 190 ಇತ್ತು. ರಿಪೇರಿಯವರನ್ನು ಕೇಳಿದ್ದಕ್ಕೆ, ಸಣ್ಣ ಓವನ್‌ಗಳಲ್ಲಿ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆಂಬ ಉತ್ತರ ಬಂತು. ಇದ್ದೇ ಇರುವುದಾದರೆ ಅಂಕಿಗಳನ್ನೇಕೆ ಅಚ್ಚು ಹಾಕಿದರೋ! ಈಗ ನಾಬ್‌ನ ಅಂಚಿಗೆ ಮಗಳ ಉಗುರು ಬಣ್ಣದಿಂದ ಇಟ್ಟ ಕೆಂಪು ಚುಕ್ಕೆಯೇ ನಮ್ಮ 160. ಹಿಂದಿನ ಎಡಮೂಲೆ ಬೇರೆಡೆಗಿಂತ ಹೆಚ್ಚು ಕಾಯುವುದರಿಂದ ಹನ್ನೆರಡನೆಯ ನಿಮಿಷಕ್ಕೆ ತಟ್ಟೆಯನ್ನು ತಿರುಗಿಸಲೇಬೇಕು.

ಹಿಟ್ಟಿನ ಕೆಲಸವನ್ನು ಮಾತ್ರ ನಾನು ಸಂತೋಷದಿಂದ ಮಾಡುತ್ತೇನೆ. ಪೇಟೆಯ ಗಿರಣಿಯಲ್ಲಿ ನಮಗಿಂತ ಮುಂಚೆ ಯಾರಾದರೂ ಗೋಧಿ ಬೀಸಿದ್ದರೆ ಅದರ ಹಿಟ್ಟು ನಮ್ಮದಕ್ಕೂ ಬೆರೆಯುತ್ತದೆ; ಆದ್ದರಿಂದ ಅಕ್ಕಿಯನ್ನು ತೊಳೆದು, ನೆರಳಲ್ಲಿ ಆರಿಸಿ, ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿಯುತ್ತೇನೆ. ಒಂದು ಲೋಟ ಅಕ್ಕಿ ಹಿಟ್ಟಿಗೆ ಅರ್ಧ ಲೋಟ ಜೋಳದ ಹಿಟ್ಟು, ಎರಡು ಚಮಚ ಅಗಸೆ ಬೀಜದ ಪುಡಿ, ಎಳ್ಳು, ಜೀರಿಗೆ, ಉಪ್ಪು, ಬೆಣ್ಣೆ. ಇಂಗು ಹಾಕುವುದಿಲ್ಲ, ಏಕೆಂದರೆ ಅಂಗಡಿಯ ಡಬ್ಬಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲದಿರುವಾಗ ತಣ್ಣೀರಿನಲ್ಲಿ ಕಲಸಿದರೆ ಲಟ್ಟಿಸುವಾಗಲೇ ಬಿರಿಯುತ್ತದೆ. ಅಕ್ಕಿ ರೊಟ್ಟಿಗೆ ಮಾಡುವಂತೆಯೇ ಕುದಿಯುವ ನೀರೆರೆದು, ಮುಚ್ಚಿಟ್ಟು, ಕೈಗೆ ತಾಳುವಷ್ಟು ಬಿಸಿಯಿರುವಾಗಲೇ ನಾದಬೇಕು. ಆಗ ಅಕ್ಕಿಯ ಪಿಷ್ಟ ಬೆಂದು ಅಂಟುತ್ತದೆ, ಅಗಸೆಯ ಲೋಳೆಯೂ ಜೊತೆಗೂಡುತ್ತದೆ. ಎಣ್ಣೆ ಸವರಿದ ಎರಡು ಬಾಳೆ ಎಲೆಗಳ ನಡುವೆ ಉಂಡೆಯನ್ನಿಟ್ಟು ಲಟ್ಟಿಸಿದರೆ ಎಲೆಯ ಗೀರುಗಳು ಹಿಟ್ಟಿನ ಮೇಲೆ ಸಾಲುಸಾಲಾಗಿ ಮೂಡುತ್ತವೆ. ಚೌಕವಾಗಿ ಕತ್ತರಿಸಿ, ಉಬ್ಬದಂತೆ ಮುಳ್ಳುಚಮಚದಿಂದ ಚುಚ್ಚುವುದು ಮಗಳ ಕೆಲಸ. ಒಂದೊಂದು ಚೌಕಕ್ಕೆ ಒಂಬತ್ತೇ ತೂತು ಎಂಬುದು ಅವಳ ಕಟ್ಟುನಿಟ್ಟು.

ಇಷ್ಟಾದರೂ ಮೊದಲ ಮಳೆಗಾಲದಲ್ಲಿ ಓಟಿಜಿಯನ್ನು ಮಾರಿಬಿಡಬೇಕೆನಿಸಿತ್ತು. ಬೇಯಿಸುತ್ತಿರುವಾಗಲೇ ಕರೆಂಟು ಹೋಗುತ್ತಿತ್ತು. ಅರೆಬೆಂದದ್ದನ್ನು ಕಾವಲಿಗೆ ಹಾಕಿ ಸಣ್ಣ ಉರಿಯಲ್ಲಿ ಮುಗಿಸುತ್ತಿದ್ದೆ. ಅದಕ್ಕಿಂತಲೂ ಬೇಸರವೆಂದರೆ, ಆಷಾಢದ ತೇವಕ್ಕೆ ಮುಚ್ಚಳ ಬಿಗಿದ ಸ್ಟೀಲ್ ಡಬ್ಬದೊಳಗೂ ಬಿಸ್ಕತ್ತು ಮೂರನೆಯ ದಿನಕ್ಕೆ ಮೆತ್ತಗಾಗುತ್ತಿತ್ತು. ಹಿಂದೆ ಒಲೆಯ ಮೇಲೆ ಹೊಗೆಯಟ್ಟವಿದ್ದಾಗ ಈ ಚಿಂತೆ ಇರಲಿಲ್ಲ. ಮೆತ್ತಗಾದವನ್ನು ಒಂದು ದಿನ ಕೆಂಪು ಚುಕ್ಕೆಗಿಂತ ಬಹಳ ಕೆಳಗೆ, 100 ಡಿಗ್ರಿಯ ಸುಮಾರಿನಲ್ಲಿ ಹತ್ತು ನಿಮಿಷ ಇಟ್ಟು, ಓವನ್ ಆರಿಸಿ, ಬಾಗಿಲು ತೆರೆಯದೆ ಅಲ್ಲೇ ತಣಿಯಲು ಬಿಟ್ಟೆ. ರಾತ್ರಿ ಮುರಿದಾಗ ಬಂದ ಶಬ್ದ ಅಡುಗೆಮನೆಯಿಂದ ಜಗಲಿಯವರೆಗೂ ಕೇಳಿಸಿತು.

ತಿಂಗಳಿಗೊಮ್ಮೆ ಬಿಸ್ಕತ್ತು ಮಾಡುವವರಿಗೆ ಇಷ್ಟು ಹಣ ಹಾಕಿ ಇದನ್ನು ಕೊಳ್ಳಿರೆಂದು ನಾನು ಹೇಳಲಾರೆ. ವಾರಕ್ಕೆರಡು ಸಲ ಮಾಡುವ ನಮಗೆ, ಥರ್ಮಾಮೀಟರಿನ ಖರ್ಚನ್ನು ಸೇರಿಸಿದರೂ, ಒಂದು ವರ್ಷದೊಳಗೆ ಪೊಟ್ಟಣಗಳ ಲೆಕ್ಕ ಚುಕ್ತಾ ಆಯಿತು. ನಾಬ್‌ನ ಮೇಲಿನ ಸಿಟ್ಟಿಗೆ ಐದರಲ್ಲಿ ಎರಡೇ ಅಂಕ ಕೊಡಬೇಕೆಂದಿದ್ದವಳು ಮೂರೂವರೆ ಕೊಡುತ್ತಿದ್ದೇನೆ. ಕಳೆದ ಮಳೆಗಾಲದಿಂದ ನಮ್ಮ ಅತ್ತೆಯವರು ಹಲಸಿನ ಹಪ್ಪಳವನ್ನೂ ಉಪ್ಪಿನ ಭರಣಿಯನ್ನೂ ಅದರ ಬೆಚ್ಚನೆಯ ಹೊಟ್ಟೆಯೊಳಗೆ ಇಡತೊಡಗಿರುವುದರಿಂದ, ಸಂಜೆ ನಾಬ್ ತಿರುಗಿಸುವ ಮುನ್ನ ನಾನು ಬಾಗಿಲು ತೆರೆದು ನೋಡಬೇಕಾಗಿದೆ.